ಚಾಕು ಎದುರಿಗಿರುವಾಗ ಹಂತ ಎಣಿಸುವುದೇ?

ಪ್ರಶ್ನೆ: ಪೊಲೀಸ್ ತರಬೇತಿಯಲ್ಲಿದ್ದೇನೆ. ಹಂತ ಹಂತವಾಗಿ ತೀರ್ಮಾನಿಸುವ ಮಾದರಿಗಳನ್ನು ಕಲಿಸುತ್ತಿದ್ದಾರೆ. ಒಬ್ಬ ಚಾಕು ಹಿಡಿದು ನಿಂತಾಗ ಇದಕ್ಕೆಲ್ಲ ಸಮಯ ಎಲ್ಲಿರುತ್ತದೆ?

ಉತ್ತರ: ಅವನು ಮೈಮೇಲೆ ಬೀಳುತ್ತಿದ್ದರೆ ಖಂಡಿತ ಇರುವುದಿಲ್ಲ. ಆಗ ಕೈ ಹಿಡಿಯುವುದು ಅಭ್ಯಾಸ ಮಾತ್ರ. ಆದರೆ ಕರೆ ಬಂದ ಮೇಲೆ ಸ್ಥಳ ಮುಟ್ಟುವವರೆಗೆ ಸಿಗುವ ನಿಮಿಷಗಳನ್ನು ಸುಮ್ಮನೆ ಕಳೆದರೆ, ಆಮೇಲೆ ಕ್ಷಣಾರ್ಧದಲ್ಲಿ ತೀರ್ಮಾನಿಸುವ ಇಕ್ಕಟ್ಟನ್ನು ನಾವೇ ತಂದುಕೊಂಡಂತೆ.

ಬ್ರಿಟನ್ನಿನ ಪೊಲೀಸರ ರಾಷ್ಟ್ರೀಯ ನಿರ್ಧಾರ ಮಾದರಿಯನ್ನೇ ನೋಡಿ. ನಡುವೆ ವೃತ್ತಿಯ ನೈತಿಕ ತತ್ವಗಳು. ಸುತ್ತ 5 ಹಂತಗಳು: ಮಾಹಿತಿ, ಅಪಾಯದ ಅಂದಾಜು, ಕಾನೂನಿನ ಅಧಿಕಾರ ಮತ್ತು ಇಲಾಖೆಯ ನಿಯಮ, ಆಯ್ಕೆಗಳು, ಕ್ರಮ ಮತ್ತು ಮರುಪರಿಶೀಲನೆ. ಚಿತ್ರದಲ್ಲಿ ಇದು ಚಕ್ರದಂತಿದೆ, ಅದಕ್ಕೆ ಕಾರಣವಿದೆ. ಹೊಸ ಸಂಗತಿ ತಿಳಿದ ಕೂಡಲೇ ಮತ್ತೆ ಮೊದಲ ಹಂತಕ್ಕೆ ಬರಬೇಕು.

‘ಮನೆಯೊಳಗೆ ಒಬ್ಬ ಆಯುಧ ಹಿಡಿದಿದ್ದಾನೆ’ ಎಂದು ಕಂಟ್ರೋಲ್ ರೂಮ್ ಹೇಳಿತು ಎನ್ನಿ. ದಾರಿಯಲ್ಲೇ ಕೇಳಿ: ಕರೆ ಮಾಡಿದವರು ಕಣ್ಣಾರೆ ಕಂಡರೇ, ಯಾರೋ ಹೇಳಿದ್ದೇ? ಯಾವ ಆಯುಧ? ಎಷ್ಟು ಹೊತ್ತಿನ ಹಿಂದೆ? ಒಳಗೆ ಬೇರೆ ಯಾರಿದ್ದಾರೆ? ಖಚಿತವಾದದ್ದು ಬೇರೆ, ಊಹೆ ಬೇರೆ ಎಂದು ಮನಸ್ಸಿನಲ್ಲೇ ವಿಂಗಡಿಸಿ. ಅವನು ಒಬ್ಬನೇ ಇದ್ದು, ಬಾಗಿಲು ಮುಚ್ಚಿಕೊಂಡು, ಅಪಾಯ ಅವನಿಗಷ್ಟೇ ಎಂದಾದರೆ ನುಗ್ಗುವ ಅವಸರವಿಲ್ಲ. ಗೋಡೆಯದೋ ವಾಹನದ್ದೋ ಮರೆಯಲ್ಲಿ ದೂರ ನಿಲ್ಲಿ. ಮಾತನಾಡಲು ಒಬ್ಬರನ್ನೇ ನೇಮಿಸಿ. ನಾಲ್ಕು ಜನ ಒಟ್ಟಿಗೆ ಕೂಗಿದರೆ ಅವನಿಗೆ ಯಾರ ಮಾತೂ ಕೇಳಿಸದು. ಒಳಗೆ ಮಗು ಇದೆ ಎಂದು ಗೊತ್ತಾದರೆ ಅದೇ ಗಳಿಗೆಗೆ ಲೆಕ್ಕ ಬದಲಾಗುತ್ತದೆ. ಆಗ ಕಾಯುವುದೇ ದೊಡ್ಡ ಅಪಾಯವಾಗಬಹುದು. ಪ್ರತಿ ಆಯ್ಕೆಗೂ ‘ಇದು ಕೈಕೊಟ್ಟರೆ ಮುಂದೇನು?’ ಎಂಬ ಉತ್ತರ ಸಿದ್ಧವಿರಲಿ.

ಸಾಮಾನ್ಯವಾಗಿ ಎಡವುವುದು ಮೊದಲ ಮಾಹಿತಿಗೆ ಅಂಟಿಕೊಂಡಾಗ. ‘ಆಯುಧ’ ಎಂಬ ಪದ ಕಿವಿಗೆ ಬಿದ್ದವರಿಗೆ ಕೈಯಲ್ಲಿರುವ ಮೊಬೈಲೂ ಆಯುಧವಾಗಿಯೇ ಕಂಡೀತು. ಇನ್ನೊಂದು ತಪ್ಪು, ಏನು ಮಾಡಬೇಕೆಂದು ಮೊದಲೇ ನಿಶ್ಚಯಿಸಿ ಆಮೇಲೆ ಅದಕ್ಕೆ ಕಾರಣ ಹುಡುಕುವುದು. ‘ಬಂಧಿಸುವ ಅಧಿಕಾರವಿದೆ’ ಎಂದಷ್ಟಕ್ಕೇ ಈಗಲೇ ಬಂಧಿಸಬೇಕೆಂದಿಲ್ಲ ಎಂಬುದನ್ನು ಇಂಥ ಅಧಿಕಾರಿಗಳು ಮರೆಯುತ್ತಾರೆ.

ಪ್ರಶ್ನೆ: ತೀರ್ಮಾನವನ್ನು ಬರೆದಿಡುವಾಗ ಏನೇನು ಇರಬೇಕು?

ಉತ್ತರ: ಸಮಯ, ಆಗ ನಿಮಗೆ ತಿಳಿದಿದ್ದೇನು, ಅದನ್ನು ಹೇಳಿದವರು ಯಾರು, ಏನು ತಿಳಿದಿರಲಿಲ್ಲ, ಬಳಸಿದ ಅಧಿಕಾರ ಯಾವುದು. ಇದಿಷ್ಟು ಸಾಲದು. ಕೈಬಿಟ್ಟ ಆಯ್ಕೆಗಳನ್ನೂ ಕಾರಣದೊಂದಿಗೆ ಬರೆಯಿರಿ. ಹೆಚ್ಚಿನವರು ಬಿಡುವುದು ಇದನ್ನೇ, ವಿಚಾರಣೆಯಲ್ಲಿ ಕೇಳುವುದೂ ಇದನ್ನೇ. ‘ಪರಿಸ್ಥಿತಿ ಗಂಭೀರವಾಗಿತ್ತು’ ಎಂದು ಬರೆದರೆ ಏನೂ ತಿಳಿಯದು. ‘ಬಲಗೈಯಲ್ಲಿ ಚಾಕು, ಸುಮಾರು 6 ಮೀಟರ್ ದೂರ, ನಡುವೆ ಮೇಜು, ಎರಡು ಸಲ ಕೆಳಗಿಡಲು ಹೇಳಿದೆ’ ಎಂದು ಬರೆಯಿರಿ. ಆಮೇಲೆ ಗೊತ್ತಾದದ್ದನ್ನು ಮೂಲ ಟಿಪ್ಪಣಿಯೊಳಗೆ ತುರುಕಬೇಡಿ. ದಿನಾಂಕ, ಸಮಯ ಹಾಕಿ ಕೆಳಗೆ ಬೇರೆಯಾಗಿ ಸೇರಿಸಿ.