ಓದುಗರ ಪ್ರಶ್ನೆ: ಎರಡನೆಯ ಕ್ವಾರ್ಟರ್‌ನಲ್ಲಿ ಕೈಜಾರುವ ಪಂದ್ಯ

ಪ್ರಶ್ನೆ: ಕಲಬುರಗಿಯ ಪದವಿ ಕಾಲೇಜೊಂದರ ಹುಡುಗರ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ತರಬೇತಿ ಕೊಡುತ್ತಿದ್ದೇನೆ. ಈ ಸಾಲಿನಲ್ಲಿ ಆಡಿದ ಏಳು ಪಂದ್ಯಗಳಲ್ಲಿ ಐದನ್ನು ಸೋತಿದ್ದೇವೆ. ಮೊದಲ ಕ್ವಾರ್ಟರ್ ಮುಗಿಯುವಾಗ ಸರಿಸಮನಾಗಿರುತ್ತೇವೆ. ಎರಡನೆಯದರಲ್ಲಿ ಎದುರಾಳಿಗಳು ಹತ್ತು ಹನ್ನೆರಡು ಅಂಕ ಮುಂದೆ ಹೋಗುತ್ತಾರೆ, ಆಮೇಲೆ ಆ ಅಂತರ ತುಂಬುವುದಿಲ್ಲ. ಹುಡುಗರು ದಣಿಯಬಾರದೆಂದು ಎರಡನೆಯ ಕ್ವಾರ್ಟರ್‌ಗೆ ಮೊದಲಿನ ಐವರನ್ನೂ ಕೂರಿಸಿ ಬೇರೆ ಐವರನ್ನು ಇಳಿಸುತ್ತೇನೆ. ನಂಬಿ ಆಡಿಸಬಹುದಾದವರು ಎಂಟು ಮಂದಿ ಇದ್ದಾರೆ. ಮ್ಯಾನ್ ಟು ಮ್ಯಾನ್ (ಒಬ್ಬೊಬ್ಬ ಒಬ್ಬೊಬ್ಬ ಎದುರಾಳಿಯನ್ನು ಹಿಡಿಯುವುದು) ಬಿಟ್ಟು 2-3 ಝೋನ್ (ಆಳಿನ ಬದಲು ಜಾಗ ಕಾಯುವುದು) ಆಡೋಣವೆಂದು ಹಿರಿಯ ಹುಡುಗರು ಒತ್ತಾಯಿಸುತ್ತಿದ್ದಾರೆ. ತಮ್ಮ ಅಭಿಪ್ರಾಯವೇನು?
— ದೈಹಿಕ ಶಿಕ್ಷಣ ಬೋಧಕರು, ಕಲಬುರಗಿ

ಉತ್ತರ: ಪತ್ರದ ಜೊತೆ ನೀವು ಕಳಿಸಿದ ಎರಡು ಸ್ಕೋರ್‌ಶೀಟ್‌ಗಳೇ ಅರ್ಧ ಉತ್ತರ ಕೊಟ್ಟಿವೆ. ಒಂದು ಮತ್ತು ಮೂರನೆಯ ಕ್ವಾರ್ಟರ್‌ಗಳನ್ನು ಕೆಂಪು ಶಾಯಿಯಲ್ಲಿಯೂ ಎರಡು ಮತ್ತು ನಾಲ್ಕನೆಯವನ್ನು ನೀಲಿ ಇಲ್ಲವೆ ಕಪ್ಪು ಶಾಯಿಯಲ್ಲಿಯೂ ಬರೆಯುವುದು ಸ್ಕೋರರ್‌ಗಳ ಪದ್ಧತಿ. ನಿಮ್ಮ ಹಾಳೆಗಳಲ್ಲಿ ಬೆಂಚಿನಿಂದ ಇಳಿದ ಹುಡುಗರ ಹೆಸರುಗಳ ಮುಂದೆ ನೀಲಿ ಶಾಯಿಯ ಬರಿಯ 'ಪಿ' ಅಕ್ಷರಗಳಿವೆ, ಎಂದರೆ ಫ್ರೀ ಥ್ರೋ (ಯಾರೂ ಅಡ್ಡ ಬಾರದ ಹೊಡೆತ) ಕೊಡದ ಫೌಲ್‌ಗಳು. ಅದೇ ಕ್ವಾರ್ಟರ್‌ನಲ್ಲಿ ಮರಳಿ ಬಂದ ಮೊದಲ ಐವರ ಮುಂದೆ 'ಪಿ2' ಎಂದಿದೆ, ಎಂದರೆ ಎರಡು ಫ್ರೀ ಥ್ರೋ ಕೊಟ್ಟ ಫೌಲ್‌ಗಳು. ಅಂದರೆ ಮೈ ಬಿಸಿಯಾಗದೆ ಇಳಿದ ಐವರು ಕಾಲು ಸರಿಸಬೇಕಾದಲ್ಲಿ ಕೈ ಚಾಚಿ, ಆ ಕ್ವಾರ್ಟರ್‌ಗೆ ತಂಡದ ಪಾಲಿನ ನಾಲ್ಕು ಫೌಲ್‌ಗಳನ್ನು ಆರಂಭದಲ್ಲೇ ಖರ್ಚು ಮಾಡಿದ್ದಾರೆ. ತಂಡದ ಐದನೆಯ ಫೌಲ್‌ನಿಂದ ಎದುರಾಳಿಗೆ ಎರಡು ಫ್ರೀ ಥ್ರೋ ಸಿಗುವುದರಿಂದ, ಬಳಿಕ ಬಂದ ನಿಮ್ಮ ಒಳ್ಳೆಯ ಡಿಫೆಂಡರ್‌ಗಳು ಒಮ್ಮೆ ಮುಟ್ಟಲು ಹೆದರಿ ದಾರಿ ಬಿಟ್ಟಿದ್ದಾರೆ, ಇನ್ನೊಮ್ಮೆ ಮುಟ್ಟಿ ದಂಡ ತೆತ್ತಿದ್ದಾರೆ. (ಇಡೀ ತಂಡದ ತಪ್ಪಿಗೆ ದಂಡ ಹಾಕುವ ವಿಚಾರ ಈ ಆಟದಷ್ಟೇ ಹಳೆಯದು, 1891ರ ಡಿಸೆಂಬರ್‌ನಲ್ಲಿ ಜೇಮ್ಸ್ ನೈಸ್ಮಿತ್ ಬರೆದ 13 ನಿಯಮಗಳಲ್ಲಿಯೇ, ಒಂದು ತಂಡ ಸತತವಾಗಿ ಮೂರು ಫೌಲ್ ಮಾಡಿದರೆ ಎದುರಾಳಿಗೆ ಒಂದು ಗೋಲು ಎಂದಿತ್ತು.) ಇದನ್ನು ಡಿಫೆನ್ಸ್‌ನ ಪದ್ಧತಿಯ ದೋಷವೆಂದು ಓದಿದರೆ ಝೋನ್ ಮದ್ದಾಗಿ ಕಾಣುತ್ತದೆ. ನನಗೆ ಕಾಣುವುದು ಆಟಗಾರರನ್ನು ಬದಲಿಸುವ ಲೆಕ್ಕದ ದೋಷ.

ನಲವತ್ತು ನಿಮಿಷದ ಪಂದ್ಯದಲ್ಲಿ ಐದು ಸ್ಥಾನಗಳಿಗೆ ನೀವು ಹಂಚಬೇಕಾದದ್ದು ಒಟ್ಟು 200 ನಿಮಿಷ. ಹತ್ತು ಜನರಿಗೆ ಸಮಪಾಲು ಮಾಡಿದರೆ ತಲೆಗೆ 20 ಬರುತ್ತದೆ. ಪಂಕ್ತಿಯ ಊಟಕ್ಕೆ ಅದು ನ್ಯಾಯ, ಪಂದ್ಯಕ್ಕಲ್ಲ. ಮೊದಲ ಐವರಿಗೆ ತಲಾ 28ರಂತೆ 140, ಉಳಿದ ಮೂವರಿಗೆ ತಲಾ 20ರಂತೆ 60 ಎಂದು ಇಟ್ಟುಕೊಳ್ಳಿ. ಈ 28 ನಿಮಿಷಗಳನ್ನು ಐದಾರು ನಿಮಿಷಗಳ ತುಂಡುಗಳಾಗಿ ಒಡೆಯಬೇಕು, ಏಕೆಂದರೆ ಮಾರ್ಚ್ ಕಳೆದ ಮೇಲೆ ನಮ್ಮ ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ, ಸಂಜೆ ಐದಕ್ಕೂ ಬಯಲಿನ ಸಿಮೆಂಟ್ ಕೋರ್ಟ್ ಬೂಟಿನ ಅಡಿಗೆ ಕಾವು ಹತ್ತಿಸುತ್ತಲೇ ಇರುತ್ತದೆ, ದಣಿದವನು ಮೊದಲು ಕೈಬಿಡುವುದು ಬಾಸ್ಕೆಟ್ ಹಾಕುವುದನ್ನಲ್ಲ, ಮೊಣಕಾಲು ಬಗ್ಗಿಸಿ ನಿಲ್ಲುವುದನ್ನು. ಮೊದಲ ಕ್ವಾರ್ಟರ್‌ನ ಏಳನೆಯ ನಿಮಿಷದ ಸುಮಾರಿಗೆ ಶಿಳ್ಳೆ ಬಿದ್ದಾಗ ಇಬ್ಬರನ್ನು ಹೊರಗೆ ಕರೆಯಿರಿ. ಎರಡನೆಯ ಕ್ವಾರ್ಟರ್‌ಗೆ ಅವರು ಮರಳಿ ಬಂದಾಗ ಇನ್ನಿಬ್ಬರು ಕೂರಲಿ. ಹೀಗೆ ಮಾಡಿದರೆ ಮೊದಲ ಐವರಲ್ಲಿ ಮೂವರಾದರೂ ಸದಾ ಅಂಗಳದಲ್ಲಿರುತ್ತಾರೆ, ಹೊಸದಾಗಿ ಬಂದವನಿಗೆ ಯಾರನ್ನು ಹಿಡಿಯಬೇಕೆಂದು ಹೇಳಲು ಪಕ್ಕದಲ್ಲಿ ಒಬ್ಬ ಇರುತ್ತಾನೆ. ಬಾಲ್ ತರುವವನ ಮೇಲೆ ಒತ್ತಡ ಹಾಕುವ ಗಾರ್ಡ್ ಮತ್ತು ರಿಂಗ್ ಕೆಳಗೆ ನಿಂತು ಎಲ್ಲರಿಗೂ ಕೂಗಿ ಹೇಳುವ ಸೆಂಟರ್, ಇವರಿಬ್ಬರು ಮಾತ್ರ ಒಂದೇ ಹೊತ್ತಿನಲ್ಲಿ ಬೆಂಚಿನ ಮೇಲೆ ಇರಕೂಡದು.

ಬದಲಾವಣೆಗೆ ಮಿತಿ ಇಲ್ಲದಿದ್ದರೂ ಆಟ ನಿಂತಾಗ ಮಾತ್ರ ಅದಕ್ಕೆ ಅವಕಾಶ. ಎದುರಾಳಿಗಳು ಬೆನ್ನುಬೆನ್ನಿಗೆ ಅಂಕ ಗಳಿಸುತ್ತಿದ್ದು ಶಿಳ್ಳೆ ಬೀಳದಿದ್ದರೆ ಟೈಮ್‌ಔಟ್ ಕೇಳಲು ಹಿಂಜರಿಯಬೇಡಿ. ಮೊದಲ ಅರ್ಧದ ಎರಡು ಟೈಮ್‌ಔಟ್‌ಗಳು ಉಳಿದರೂ ಎರಡನೆಯ ಅರ್ಧಕ್ಕೆ ಬರುವುದಿಲ್ಲ. ನಿಮ್ಮ ಎರಡೂ ಹಾಳೆಗಳಲ್ಲಿ ಆ ಚೌಕಗಳು ಖಾಲಿ ಇರುವುದನ್ನು ನೋಡಿ ನನಗೆ ಬೇಸರವೇ ಆಯಿತು. ಇನ್ನೊಂದು ಮಾತು: ಎರಡು ಫೌಲ್ ಆಯಿತೆಂದು ನಿಮ್ಮ ಸೆಂಟರ್‌ನನ್ನು ಅರ್ಧ ಪಂದ್ಯ ಕೂರಿಸಿದ್ದೀರಿ. ತನ್ನ ಐದನೆಯ ಫೌಲ್‌ಗೆ ಹೊರಹೋಗುವವನನ್ನು ಎರಡನೆಯದಕ್ಕೇ ಹೊರಗಿಟ್ಟರೆ ಎದುರಾಳಿಯ ಕೆಲಸವನ್ನು ನಾವೇ ಮಾಡಿಕೊಟ್ಟಂತಾಗುತ್ತದೆ. ನಾಲ್ಕೈದು ನಿಮಿಷ ಕೂರಿಸಿ, ಬುದ್ಧಿ ಹೇಳಿ, ಮತ್ತೆ ಇಳಿಸಿ.

ಇನ್ನು ಝೋನ್ ವಿಚಾರ. 2-3ರಲ್ಲಿ ಮುಂದೆ ಇಬ್ಬರು, ಹಿಂದೆ ಮೂವರು ನಿಂತು ಆಳಿನ ಬದಲು ಜಾಗ ಕಾಯುತ್ತಾರೆ. ಅದರ ಸಂದುಗಳು ಎಲ್ಲಿವೆಯೆಂದು ಆಡಿದವರಿಗೆಲ್ಲ ಗೊತ್ತು: ಫ್ರೀ ಥ್ರೋ ಗೆರೆಯ ನಡುಭಾಗ ಮತ್ತು ಎರಡು ಮೂಲೆಗಳು. ನಡುವಿನ ಜಾಗದಲ್ಲಿ ಬಾಲ್ ಹಿಡಿದು ತಿರುಗಬಲ್ಲ ಒಬ್ಬನಿದ್ದರೆ ಹಿಂದಿನ ಮೂವರೂ ಗಲಿಬಿಲಿಗೊಳ್ಳುತ್ತಾರೆ. ಹೊರಗಿನಿಂದ ಗುರಿಯಿಟ್ಟು ಹೊಡೆಯಲಾರದ ತಂಡದ ಎದುರು ಝೋನ್ ಒಂದು ಪಂದ್ಯ ಗೆಲ್ಲಿಸಬಹುದೆನ್ನುವುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ರೀಬೌಂಡ್‌ನ, ಎಂದರೆ ರಿಂಗಿಗೆ ಬಡಿದು ಮರಳುವ ಬಾಲ್ ಹಿಡಿಯುವ ಪ್ರಶ್ನೆ ಉಳಿಯುತ್ತದೆ. ಮ್ಯಾನ್ ಟು ಮ್ಯಾನ್‌ನಲ್ಲಿ ಬಾಲ್ ರಿಂಗಿನತ್ತ ಹೊರಟ ಕ್ಷಣ ಯಾರಿಗೆ ಬೆನ್ನು ಕೊಟ್ಟು ತಡೆಯಬೇಕೆಂಬುದು ಪ್ರತಿಯೊಬ್ಬನಿಗೂ ಗೊತ್ತಿರುತ್ತದೆ. ಝೋನ್‌ನಲ್ಲಿ ಹತ್ತಿರದವನನ್ನು ಹುಡುಕಬೇಕು, ಹುಡುಕುವಷ್ಟರಲ್ಲಿ ಬಾಲ್ ಅವನ ಕೈಯಲ್ಲಿರುತ್ತದೆ, ಬಾಲ್ ಹೊಡೆಯಲು ಗಡಿಯಾರ ಅವನಿಗೆ ಮತ್ತೆ 14 ಸೆಕೆಂಡು ಕೊಡುತ್ತದೆ. ಆದ್ದರಿಂದ ಮ್ಯಾನ್ ಟು ಮ್ಯಾನ್ ಅನ್ನೇ ಉಳಿಸಿಕೊಂಡು, ತಂಡದ ನಾಲ್ಕು ಫೌಲ್ ತುಂಬಿದ ಕ್ವಾರ್ಟರ್‌ಗಳ ಕೊನೆಯ ಎರಡು ಮೂರು ನಿಮಿಷಗಳಿಗೆ ಮಾತ್ರ ಝೋನ್ ಇಟ್ಟುಕೊಳ್ಳಿ.

ಪ್ರಶ್ನೆ: ಬೀದರಿನ ಕಾಲೇಜು ತಂಡದಲ್ಲಿ ನಾನು ಗಾರ್ಡ್. ನಾನು ಹಿಡಿಯುವ ಹುಡುಗಿ ಸ್ಕ್ರೀನ್ (ನನ್ನ ದಾರಿಗೆ ಅಡ್ಡ ನಿಲ್ಲುವ ಅವಳ ಜೊತೆಗಾರ್ತಿ) ಬಳಸಿ ತಪ್ಪಿಸಿಕೊಂಡು ರಿಂಗ್ ಹತ್ತಿರದಿಂದ ಲೇಅಪ್ ಹಾಕಿದಾಗಲೆಲ್ಲ ನಮ್ಮ ಕೋಚ್ ನನ್ನನ್ನೇ ಬೈದು ಹೊರಗೆ ಕರೆಯುತ್ತಾರೆ. ತಪ್ಪು ನನ್ನದೊಬ್ಬಳದೇ?
— ವಿದ್ಯಾರ್ಥಿನಿ, ಬೀದರ್

ಉತ್ತರ: ಅಲ್ಲಮ್ಮ, ನಿನ್ನದೊಬ್ಬಳದೇ ಅಲ್ಲ. ಬಾಲ್ ಇರುವವಳನ್ನು ನೋಡುತ್ತಾ ಪಕ್ಕಕ್ಕೆ ಸರಿಯುವವಳಿಗೆ ಬದಿಯಲ್ಲಿ ಬಂದು ನಿಂತ ಗೋಡೆ ಕಾಣುವುದಿಲ್ಲ. ಕಾಣುವುದು ಸ್ಕ್ರೀನ್ ಹಾಕಲು ಬಂದವಳನ್ನು ಕಾಯುತ್ತಿರುವ ನಿನ್ನ ಗೆಳತಿಗೆ. "ಎಡಕ್ಕ ಸ್ಕ್ರೀನ್ ಬಂತ್ ನೋಡು" ಎಂದು ಅವಳು ಕೂಗಬೇಕು, ಮೊದಲೇ ಕೂಗಬೇಕು, ಭುಜಕ್ಕೆ ಭುಜ ತಾಗಿದ ಮೇಲಲ್ಲ. ಆ ಕೂಗು ಬಂದರೆ ನಿನಗೆ ಮೂರು ದಾರಿ: ಎದುರಾಳಿ ಹೊರಗಿನಿಂದ ಚೆನ್ನಾಗಿ ಹೊಡೆಯುವವಳಾದರೆ ಸ್ಕ್ರೀನ್‌ನ ಮೇಲಿನಿಂದ (ಬಾಲ್ ಇರುವ ಕಡೆಯಿಂದ) ಅವಳಿಗೆ ಅಂಟಿಕೊಂಡೇ ನುಗ್ಗು, ಹೊಡೆಯಲಾರದವಳಾದರೆ ಕೆಳಗಿನಿಂದ (ರಿಂಗ್ ಕಡೆಯಿಂದ) ಸುತ್ತಿ ಅವಳ ದಾರಿಗೆ ಅಡ್ಡ ನಿಲ್ಲು, ನೀವಿಬ್ಬರೂ ಎತ್ತರದಲ್ಲಿ ಹೆಚ್ಚುಕಡಿಮೆ ಸಮ ಇದ್ದರೆ ಆಳು ಬದಲಿಸಿಕೊಳ್ಳಿ. ಯಾವ ಎದುರಾಳಿಗೆ ಯಾವ ದಾರಿಯೆಂದು ಪಂದ್ಯಕ್ಕೆ ಮೊದಲೇ ನಿರ್ಧರಿಸಿ ಹೇಳಬೇಕಾದವರು ನಿಮ್ಮ ಕೋಚ್. ಅಂಗಳದಲ್ಲಿ ಓಡುತ್ತಾ ನೀನು ನಿರ್ಧರಿಸುವುದಲ್ಲ. ಬೈದ ದಿನ ಬೇಡ, ಮರುದಿನದ ಅಭ್ಯಾಸಕ್ಕೆ ಸ್ವಲ್ಪ ಮೊದಲೇ ಹೋಗಿ ಆ ಗೆಳತಿಯನ್ನೂ ಕರೆದುಕೊಂಡು "ಸರ್, ಇವಳ ಮೇಲೆ ಮೇಲಿನಿಂದ ಬರಲೋ ಕೆಳಗಿನಿಂದಲೋ" ಎಂದು ಕೇಳು. ಕೋರ್ಟಿನ ಮೇಲೆ ಧೂಳಿದ್ದರೆ ಒದ್ದೆ ಬಟ್ಟೆಯೊಂದನ್ನು ಬೆಂಚಿನ ಬಳಿ ಇಟ್ಟು ಆಗಾಗ ಬೂಟಿನ ಅಡಿ ಒರೆಸಿಕೊಳ್ಳುತ್ತಿರು. ಸ್ಕ್ರೀನ್ ಸುತ್ತುವಾಗ ಕಾಲು ಜಾರಿದರೆ ಯಾರ ಕೂಗೂ ಉಪಯೋಗಕ್ಕೆ ಬರುವುದಿಲ್ಲ.

ಪ್ರಶ್ನೆ: ಟಿವಿಯಲ್ಲಿ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎ ಪಂದ್ಯ ನೋಡುವಾಗ ರಿಂಗ್ ಕೆಳಗಿನ ಡಿಫೆಂಡರ್ ಮತ್ತೆ ಮತ್ತೆ ಹೊರಗೆ ಹೆಜ್ಜೆಯಿಟ್ಟು ಒಳಗೆ ಬರುತ್ತಾನೆ. ಅಲ್ಲಿ ಝೋನ್ ನಿಷಿದ್ಧವೇ?
— ಓದುಗರೊಬ್ಬರು, ಯಾದಗಿರಿ

ಉತ್ತರ: ಈಗ ನಿಷಿದ್ಧವಲ್ಲ, 2001–02ರ ಋತುವಿನಿಂದ ಅಲ್ಲಿಯೂ ಝೋನ್‌ಗೆ ಒಪ್ಪಿಗೆಯಿದೆ. ಆದರೆ ಅದರ ಜೊತೆಗೇ ಬಂದ ನಿಯಮದ ಪ್ರಕಾರ, ಯಾವ ಎದುರಾಳಿಯನ್ನೂ ಹತ್ತಿರದಿಂದ ಕಾಯದ ಡಿಫೆಂಡರ್ ರಿಂಗ್ ಕೆಳಗಿನ ಗೆರೆ ಎಳೆದ ಚೌಕದೊಳಗೆ ಮೂರು ಸೆಕೆಂಡಿಗಿಂತ ಹೆಚ್ಚು ನಿಲ್ಲುವಂತಿಲ್ಲ. ನಿಂತರೆ ಎದುರಾಳಿಗೆ ಒಂದು ಫ್ರೀ ಥ್ರೋ, ಬಾಲ್ ಕೂಡ ಅವರಲ್ಲೇ ಉಳಿಯುತ್ತದೆ. ನಮ್ಮಲ್ಲಿ ಆಡುವುದು ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟವಾದ ಫಿಬಾದ ನಿಯಮದಂತೆ, ಅಲ್ಲಿ ಮೂರು ಸೆಕೆಂಡಿನ ಕಟ್ಟು ದಾಳಿ ಮಾಡುವವರಿಗೆ ಮಾತ್ರ. ಎನ್‌ಬಿಎ ನೋಡಿ ಕಲಿತ ಹುಡುಗರು ನಮ್ಮ ಅಂಗಳಗಳಲ್ಲಿಯೂ ಹಾಗೆಯೇ ಹೊರಗೆ ಹೆಜ್ಜೆಯಿಟ್ಟು ಬರುವುದನ್ನು, ಆ ಒಂದು ಹೆಜ್ಜೆಯ ಹೊತ್ತಿನಲ್ಲಿ ಎದುರಾಳಿ ಒಳನುಗ್ಗುವುದನ್ನು ಕಂಡಿದ್ದೇನೆ. ನಿಮ್ಮ ಊರಿನ ಸೆಂಟರ್ ನಿಂತಲ್ಲೇ ನಿಲ್ಲಬಹುದು.