ಕಣ್ಣು ಕತ್ತಲಿಡುವ ಮುನ್ನ ಮಾಡಬೇಕಾದದ್ದು

ಪ್ರಶ್ನೆ: ನನಗೆ 26 ವರ್ಷ. ಬಹಳ ಹೊತ್ತು ನಿಂತರೆ ಅಥವಾ ರಕ್ತಪರೀಕ್ಷೆಗೆ ಸೂಜಿ ಚುಚ್ಚಿಸಿಕೊಳ್ಳುವಾಗ ಮೈ ಬೆವರಿ, ಕಿವಿ ಗುಂಯ್‌ಗುಟ್ಟಿ, ಕಣ್ಣು ಕತ್ತಲಿಟ್ಟು ಬಿದ್ದುಬಿಡುತ್ತೇನೆ. ವೈದ್ಯರು ಪರೀಕ್ಷಿಸಿ, ಹೃದಯಕ್ಕೆ ತೊಂದರೆಯಿಲ್ಲ, ಔಷಧ ಬೇಡ ಎಂದಿದ್ದಾರೆ. ಬೀಳದಂತೆ ನಾನೇ ಏನಾದರೂ ಮಾಡಿಕೊಳ್ಳಬಹುದೇ?

ಉತ್ತರ: ಖಂಡಿತ ಮಾಡಿಕೊಳ್ಳಬಹುದು. ಬೀಳುವ ಮುನ್ನ ನಿಮಗೆ ಬೆವರು, ಕಿವಿಯ ಸದ್ದು ಮುನ್ಸೂಚನೆಯಾಗಿ ಬರುತ್ತಿರುವುದೇ ದೊಡ್ಡ ಅನುಕೂಲ. ನಾವು ಎದ್ದು ನಿಂತಾಗ ಅರ್ಧ ಲೀಟರಿನಷ್ಟು ಅಥವಾ ಅದಕ್ಕೂ ಹೆಚ್ಚು ರಕ್ತ ಹೊಟ್ಟೆ ಮತ್ತು ಕಾಲುಗಳತ್ತ ಇಳಿಯುತ್ತದೆ. ಸಾಮಾನ್ಯವಾಗಿ ರಕ್ತನಾಳಗಳು ಬಿಗಿದುಕೊಂಡು ಅದನ್ನು ಸರಿದೂಗಿಸುತ್ತವೆ. ನಿಮ್ಮಂಥವರಲ್ಲಿ ಕೆಲವು ಸಂದರ್ಭಗಳಲ್ಲಿ ಇದಕ್ಕೆ ವಿರುದ್ಧವಾಗಿ ರಕ್ತನಾಳಗಳು ಸಡಿಲಗೊಂಡು, ಹೃದಯ ಬಡಿತ ನಿಧಾನವಾಗಿ, ರಕ್ತದೊತ್ತಡ ಕುಸಿಯುತ್ತದೆ. ಮಿದುಳಿಗೆ ಆರೆಂಟು ಸೆಕೆಂಡು ರಕ್ತ ಸಾಲದೇ ಹೋದರೂ ಎಚ್ಚರ ತಪ್ಪುತ್ತದೆ.

ಕೆಳಗಿಳಿದ ಆ ರಕ್ತವನ್ನು ಸ್ನಾಯುಗಳಿಂದ ಹಿಂಡಿ ಮೇಲಕ್ಕೆ ಕಳಿಸುವುದೇ ಇಲ್ಲಿನ ಉಪಾಯ. ಸೂಚನೆ ಕಂಡ ಕೂಡಲೇ, ನಿಂತಲ್ಲಿಯೇ ಒಂದು ಕಾಲಿನ ಮುಂದೆ ಇನ್ನೊಂದನ್ನು ಅಡ್ಡಹಾಕಿ, ತೊಡೆಗಳನ್ನು ಒಂದಕ್ಕೊಂದು ಒತ್ತಿ, ಮೀನಖಂಡ, ಪೃಷ್ಠ ಮತ್ತು ಹೊಟ್ಟೆಯ ಸ್ನಾಯುಗಳನ್ನು ಬಿಗಿಹಿಡಿಯಿರಿ. ಎರಡೂ ಕೈಗಳ ಬೆರಳುಗಳನ್ನು ಕೊಕ್ಕೆಯಂತೆ ಸಿಕ್ಕಿಸಿ, ಬಿಡಿಸಿಕೊಳ್ಳುವವರಂತೆ ಹೊರಕ್ಕೆ ಎಳೆಯಬಹುದು. ಮುಷ್ಟಿಯನ್ನು ಬಲವಾಗಿ ಹಿಡಿಯುವುದೂ ನೆರವಾಗುತ್ತದೆ. ಸಾಧ್ಯವಿದ್ದರೆ ಕುಕ್ಕರಗಾಲಿನಲ್ಲಿ ಕುಳಿತುಬಿಡುವುದು ಇನ್ನೂ ಪರಿಣಾಮಕಾರಿ. ಆದರೆ ಏಳುವಾಗ ಅವಸರ ಬೇಡ. ಕಾಲುಗಳನ್ನು ಬಿಗಿಹಿಡಿದುಕೊಂಡೇ ನಿಧಾನವಾಗಿ ಏಳಬೇಕು. ಹಲವರು ಮಾಡುವ ತಪ್ಪೊಂದಿದೆ: ಸ್ನಾಯು ಬಿಗಿಯುವ ಭರದಲ್ಲಿ ಉಸಿರನ್ನೂ ಕಟ್ಟಿ ಮುಕ್ಕರಿಯುತ್ತಾರೆ. ಅದರಿಂದ ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗುತ್ತದೆ. ಉಸಿರಾಟ ಸಹಜವಾಗಿರಲಿ.

2006ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ನಿಮ್ಮಂತೆಯೇ ಮುನ್ಸೂಚನೆ ಬರುತ್ತಿದ್ದ 223 ಮಂದಿಯನ್ನು ಸರಾಸರಿ 14 ತಿಂಗಳು ಗಮನಿಸಲಾಯಿತು. ಸಾಮಾನ್ಯ ಸಲಹೆಯನ್ನಷ್ಟೇ ಪಡೆದವರಲ್ಲಿ ಶೇ 51ರಷ್ಟು ಜನ ಮತ್ತೆ ಎಚ್ಚರ ತಪ್ಪಿದರೆ, ಜೊತೆಗೆ ಈ ಕ್ರಮಗಳನ್ನೂ ಕಲಿತವರಲ್ಲಿ ಆ ಪ್ರಮಾಣ ಶೇ 32ಕ್ಕೆ ಇಳಿಯಿತು. ಕಲಿತವರಲ್ಲಿಯೂ ಮೂರನೇ ಒಂದರಷ್ಟು ಜನ ಬಿದ್ದರೆಂಬುದನ್ನು ಮರೆಯಬೇಡಿ. ಅರ್ಧ ನಿಮಿಷದಲ್ಲಿ ಕಣ್ಣು ತಿಳಿಯಾಗದಿದ್ದರೆ, ನೋಡುವವರು ಏನೆಂದುಕೊಂಡಾರೋ ಎಂಬ ಸಂಕೋಚ ಬಿಟ್ಟು ನೆಲದ ಮೇಲೆಯೇ ಮಲಗಿ, ಕಾಲುಗಳನ್ನು ಎತ್ತರಿಸಿಕೊಳ್ಳಿ.

ಸೂಜಿಯ ವಿಚಾರಕ್ಕೆ ಬಂದರೆ, ಮಲಗಿಯೇ ರಕ್ತ ಕೊಡುವುದಾಗಿ ಮೊದಲೇ ತಿಳಿಸಿ. ಚುಚ್ಚುವ ಮುನ್ನ ಕಾಲು, ಹೊಟ್ಟೆ ಮತ್ತು ಇನ್ನೊಂದು ಕೈಯನ್ನು 10-15 ಸೆಕೆಂಡು ಬಿಗಿದು, 20-30 ಸೆಕೆಂಡು ಸಹಜ ಸ್ಥಿತಿಗೆ ಬಿಟ್ಟು, ಹೀಗೆ ಐದು ಬಾರಿ ಮಾಡಿ. ಮನೆಯಲ್ಲಿ ದಿನವೂ ಅಭ್ಯಾಸ ಮಾಡಿಕೊಂಡಿದ್ದರೆ ಮಾತ್ರ ಗಾಬರಿಯ ಹೊತ್ತಿನಲ್ಲಿ ಇದು ನೆನಪಿಗೆ ಬರುತ್ತದೆ.

ಮುನ್ಸೂಚನೆಯೇ ಇಲ್ಲದೆ ಬಿದ್ದರೆ, ಓಡುವಾಗ ಅಥವಾ ಮಲಗಿದ್ದಾಗ ಎಚ್ಚರ ತಪ್ಪಿದರೆ, ಎದೆನೋವು ಕಾಣಿಸಿಕೊಂಡರೆ ಈ ಕ್ರಮಗಳನ್ನು ನಂಬಿ ಕೂರದೆ ಮತ್ತೆ ವೈದ್ಯರನ್ನು ಕಾಣಬೇಕು.