ಮಕ್ಕಳೇ ನಡೆಸಲಿ, ನೀವು ಕೈಗೆಟುಕುವಷ್ಟು ಹತ್ತಿರವಿರಿ

ಮೇಡಂ,

ನಿಮ್ಮ ಒಂಬತ್ತನೇ ತರಗತಿಯ ಹುಡುಗಿಯರು ಮಾನಸಿಕ ಆರೋಗ್ಯದ ಕ್ಲಬ್ ಶುರುಮಾಡಲು ಒಪ್ಪಿಗೆ ಕೇಳಿದ್ದಾರೆ. 'ಇಲ್ಲದ ಕಾಯಿಲೆಯನ್ನು ನಾವೇ ಮಕ್ಕಳ ತಲೆಗೆ ತುಂಬಿದಂತಾಗುವುದಿಲ್ಲವೇ?' ಎಂದು ಸಹೋದ್ಯೋಗಿಗಳು ಅಡ್ಡ ಬಂದಿದ್ದಾರೆ, ಏನು ಹೇಳಲಿ ಎಂದು ಬರೆದಿದ್ದೀರಿ.

ಮಾನಸಿಕ ಕಾಯಿಲೆಗಳಲ್ಲಿ ಸುಮಾರು ಮೂರರಲ್ಲೊಂದು ಭಾಗ 14ರ ವಯಸ್ಸಿನೊಳಗೆ, ಸುಮಾರು ಅರ್ಧದಷ್ಟು 18ರೊಳಗೆ ಶುರುವಾಗುತ್ತವೆ ಎಂದು ಅವರಿಗೆ ಹೇಳಿ. ಕಾಯಿಲೆ ಆಗಲೇ ತರಗತಿಯಲ್ಲಿದೆ. ಇಲ್ಲದಿರುವುದು ಅದರ ಬಗ್ಗೆ ಮಾತು. ಸಾಯುವ ಯೋಚನೆ ಬರುತ್ತಿದೆಯಾ ಎಂದು ಕೇಳಿದ ಮಾತ್ರಕ್ಕೆ ಆ ಯೋಚನೆ ಹುಟ್ಟುವುದೂ ಇಲ್ಲ.

ನಾನು ಹೈಸ್ಕೂಲಿನಲ್ಲಿದ್ದಾಗ ಸಹಪಾಠಿಯೊಬ್ಬ ಕೈ ಮುರಿದುಕೊಂಡ. ಅವನ ಪ್ಲಾಸ್ಟರಿನ ಮೇಲೆ ಸಹಿ ಹಾಕಲು ಜಾಗ ಸಾಲಲಿಲ್ಲ. ಅದೇ ವರ್ಷ ಇನ್ನೊಬ್ಬ ಎರಡು ತಿಂಗಳು ಶಾಲೆಗೆ ಬರಲಿಲ್ಲ. ಮನೋವೈದ್ಯರ ಹತ್ತಿರ ಹೋಗುತ್ತಾನಂತೆ ಎಂಬ ಸುದ್ದಿ ಅವನಿಗಿಂತ ಮೊದಲೇ ಬಂದಿತ್ತು. ಅವನು ಮರಳಿದ ದಿನ, ಬೆಂಚಿನಲ್ಲಿ ಪಕ್ಕದಲ್ಲಿದ್ದವನು ಚೀಲ ಎತ್ತಿಕೊಂಡು ಹಿಂದಿನ ಸಾಲಿಗೆ ಹೋದ. ಹಾಗೆ ಹೋದವನು ನಾನು. ಯಾವ ಮೇಷ್ಟರ ಭಾಷಣವೂ ನನ್ನನ್ನು ತಡೆಯುತ್ತಿರಲಿಲ್ಲ. ಓರಗೆಯವನೊಬ್ಬ 'ಕೂತ್ಕೊಳೋ' ಎಂದಿದ್ದರೆ ಬಹುಶಃ ಕೂರುತ್ತಿದ್ದೆ.

ಅದಕ್ಕೇ ಕ್ಲಬ್ ಮಕ್ಕಳ ಕೈಯಲ್ಲಿರಬೇಕು ಎನ್ನುತ್ತೇನೆ. ತಂಗಿಗೆ ಬೈಪೋಲಾರ್ ಕಾಯಿಲೆ (ಮನಸ್ಸು ಅತಿ ಉತ್ಸಾಹಕ್ಕೂ ಖಿನ್ನತೆಗೂ ಹೊರಳುವ ಕಾಯಿಲೆ) ಇರುವುದನ್ನು ಕಂಡ ನಟಿ ಗ್ಲೆನ್ ಕ್ಲೋಸ್, 2010ರಲ್ಲಿ ಕಟ್ಟಿದ 'ಬ್ರಿಂಗ್ ಚೇಂಜ್ ಟು ಮೈಂಡ್' ಸಂಸ್ಥೆಯ ಹೈಸ್ಕೂಲು ಕ್ಲಬ್‌ಗಳನ್ನೂ ಅಮೆರಿಕದಲ್ಲಿ ವಿದ್ಯಾರ್ಥಿಗಳೇ ನಡೆಸುತ್ತಾರೆ.

ಒಂದು ವಿಷಯದಲ್ಲಿ ಮಾತ್ರ ನೀವು ಗಟ್ಟಿಯಾಗಿ ನಿಲ್ಲಬೇಕು. ಕ್ಲಬ್ಬಿನ ಹುಡುಗಿಯೊಬ್ಬಳಿಗೆ ಗೆಳತಿ ಒಂದು ದಿನ 'ಯಾರಿಗೂ ಹೇಳಬೇಡ, ಆಣೆ ಮಾಡು' ಎಂದು, ಬದುಕುವುದೇ ಬೇಡ ಅನ್ನಿಸುತ್ತಿದೆ ಎಂದು ಹೇಳಿಯಾಳು. ಆ ಆಣೆಯನ್ನು ಮುರಿಯಲೇಬೇಕು, ಅಂದೇ ಒಬ್ಬ ದೊಡ್ಡವರಿಗೆ ತಿಳಿಸಬೇಕು, ಅವಳನ್ನು ಒಂಟಿಯಾಗಿ ಬಿಡಬಾರದು. ಇದನ್ನು ಮೊದಲ ಸಭೆಯಲ್ಲೇ ಎಲ್ಲರೆದುರು ಹೇಳಿಬಿಡಿ. ಆಗ ಮುರಿದವಳಿಗೆ ದ್ರೋಹ ಮಾಡಿದೆನೆಂಬ ಸಂಕಟವಿರುವುದಿಲ್ಲ. ಆಪ್ತಸಮಾಲೋಚನೆ, ಚಿಕಿತ್ಸೆ ಮಕ್ಕಳ ಕೆಲಸವಲ್ಲ. ತನ್ನ ಕಾಯಿಲೆಯನ್ನು ಹೇಳಿಕೊಳ್ಳಲೇಬೇಕೆಂದು ಯಾರನ್ನೂ ಒತ್ತಾಯಿಸಲೂ ಬಾರದು.

ಶುರು ಎಲ್ಲಿಂದ ಎಂದು ಕೇಳಿದ್ದೀರಿ. 'ಮೆಂಟಲ್', 'ಸೈಕೋ', 'ಹುಚ್ಚಿ' — ಒಂದು ವಾರದಲ್ಲಿ ಇವು ಶಾಲೆಯಲ್ಲಿ ಎಷ್ಟು ಸಲ ಕಿವಿಗೆ ಬಿದ್ದವು, ಮಕ್ಕಳೇ ಎಣಿಸಲಿ. ಸಭೆ ಊಟದ ಬಿಡುವಿನಲ್ಲಿರಲಿ. ಶಾಲೆ ಬಿಟ್ಟ ಮೇಲೆ ಇಟ್ಟರೆ ಬಸ್ಸಿಗೆ ಓಡುವ ಮಕ್ಕಳು ತಪ್ಪಿಹೋಗುತ್ತಾರೆ.

— ಸಂಪಾದಕ